ಕಂಪ್ಯೂಟರ್, ಪ್ರಿಂಟರ್ ಕೊಳ್ಳುವ ಮುನ್ನ ಉತ್ಪಾದಕರು ಗಮನಿಸಬೇಕಾದ ಅಂಶಗಳು



ರಾಸು ಕೊಳ್ಳುವ ವಿಚಾರದಲ್ಲಿ ನಮ್ಮ ಉತ್ಪಾದಕರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಸಂತೆಯಲ್ಲಿ ಹಸುವಿನ ಕೆಚ್ಚಲು ತುಂಬಿ ನಿಂತಿದ್ದರೆ ಅದು ನಿಜವಾದ ಹಾಲೋ ಅಥವಾ ಹಿಂದಿನ ಹೊತ್ತು ಕರೆಯದೆ ಬಿಟ್ಟದ್ದೋ ಎಂದು ಮೊದಲು ವಿಚಾರಿಸುತ್ತಾರೆ. ಹಲ್ಲು ನೋಡುತ್ತಾರೆ, ನಾಲ್ಕೂ ಮೊಲೆ ಹಿಂಡಿ ನೋಡುತ್ತಾರೆ, ಎರಡು ಮೂರು ಹೊತ್ತು ಕರೆದು ನೋಡಿದ ಮೇಲೆಯೇ ಪೂರ್ತಿ ಹಣ ಎಣಿಸುತ್ತಾರೆ. ಆದರೆ ಅದೇ ಉತ್ಪಾದಕರು ಪೇಟೆಯ ಅಂಗಡಿಗೆ ಹೋಗಿ ಒಂದು ಹಸುವಿನ ಬೆಲೆಯ ಯಂತ್ರವನ್ನು ಅರ್ಧ ಗಂಟೆಯಲ್ಲಿ ಕೊಂಡು ಬರುತ್ತಾರೆ. ಪಶುವೈದ್ಯನಾದ ನಾನು ಈ ವಿಷಯ ಬರೆಯುತ್ತಿರುವುದೇಕೆ ಎಂದು ಕೆಲವರಿಗೆ ಅನಿಸಬಹುದು. ಒಂದು ಕಡಸಿನ ಕಾರಣದಿಂದ ಬರೆಯಬೇಕಾಗಿ ಬಂತು.

2025ರ ನವೆಂಬರ್ ತಿಂಗಳಲ್ಲಿ ಕೆಚ್ಚಲು ಬಾವಿನ ಚಿಕಿತ್ಸೆಗೆಂದು ಒಬ್ಬ ಸದಸ್ಯರ ಮನೆಗೆ ಹೋಗಿದ್ದೆ. ಕೈ ತೊಳೆಯುವಾಗ ಅವರು, "ಡಾಕ್ಟ್ರೇ, ಆ ಕಡಸು ಎಷ್ಟಕ್ಕೆ ಹೋಗಬಹುದು ಹೇಳಿ" ಎಂದರು. ಏಳು ತಿಂಗಳು ತುಂಬಿದ ಗಬ್ಬದ ಕಡಸು, ಒಳ್ಳೆಯ ತಳಿ, ಅವರೇ ಸಾಕಿ ಬೆಳೆಸಿದ್ದು. "ಎರಡು ತಿಂಗಳಲ್ಲಿ ಕರು ಹಾಕುವುದನ್ನು ಯಾಕೆ ಗೌಡ್ರೇ ಮಾರುತ್ತೀರಿ?" ಎಂದೆ. ಬಿ.ಎ. ಓದುವ ಮಗಳಿಗೆ ಹೊಸ ಲ್ಯಾಪ್‌ಟಾಪ್, ಜೊತೆಗೆ ಪ್ರಿಂಟರ್ ಬೇಕಂತೆ, ಎರಡೂ ಸೇರಿ ಐವತ್ತೊಂದು ಸಾವಿರವಂತೆ. ಇರುವ ಲ್ಯಾಪ್‌ಟಾಪ್ ಕೆಟ್ಟಿದೆಯೇ ಎಂದು ಕೇಳಿದರೆ ಹುಡುಗಿ, "ಕೆಟ್ಟಿಲ್ಲ ಸರ್, ಅದರಲ್ಲಿರೋದು ವಿಂಡೋಸ್ 10, ಅದು ನಿಂತುಹೋಯ್ತಂತೆ. ಹನ್ನೊಂದು ಇದಕ್ಕೆ ಹತ್ತಲ್ಲ ಅಂದ್ರು ಅಂಗಡಿಯೋರು" ಎಂದಳು.

ಅಂಗಡಿಯವರು ಹೇಳಿದ್ದು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕಂಪನಿಯ ಉಚಿತ ರಕ್ಷಣಾ ತಿದ್ದುಪಡಿಗಳು 2025ರ ಅಕ್ಟೋಬರ್ 14ಕ್ಕೆ ಮುಗಿದವು. ಪ್ರತ್ಯೇಕವಾಗಿ ನೋಂದಾಯಿಸಿಕೊಂಡ ಮನೆಬಳಕೆದಾರರಿಗೆ ಮಾತ್ರ 2026ರ ಅಕ್ಟೋಬರ್‌ವರೆಗೆ ಎಂದು ಕಂಪನಿ ಪ್ರಕಟಿಸಿತು. ಆ ದಿನ ಯಂತ್ರವೇನೂ ನಿಲ್ಲುವುದಿಲ್ಲ, ಮರುದಿನವೂ ನಡೆಯುತ್ತದೆ. ಆದರೆ ಹೊಸದಾಗಿ ಪತ್ತೆಯಾಗುವ ದೋಷಗಳಿಗೆ ಮದ್ದು ಸಿಗುವುದಿಲ್ಲ. ಲಸಿಕೆ ನಿಲ್ಲಿಸಿದ ಮಂದೆಯಂತೆ. ಬ್ಯಾಂಕಿನ ವ್ಯವಹಾರವನ್ನು ಅಂಥ ಯಂತ್ರದಲ್ಲಿ ಮಾಡುವುದು ಸರಿಯಲ್ಲ. ವಿಂಡೋಸ್ 11 ಹಾಕಲು ಟಿ.ಪಿ.ಎಂ. 2.0 ಎಂಬ ರಕ್ಷಣಾ ಭಾಗ ಮತ್ತು ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೇ ಪೀಳಿಗೆಯ ಅಥವಾ ನಂತರದ ಪ್ರೊಸೆಸರ್ ಬೇಕು. ಈ ಹುಡುಗಿಯದು 2017ರಲ್ಲಿ ಕೊಂಡದ್ದು, ಆರನೇ ಪೀಳಿಗೆ. ಅಂಗಡಿಯವರು ಹೇಳದೆ ಬಿಟ್ಟ ಮಾತೆಂದರೆ, ಅದೇ ಯಂತ್ರದಲ್ಲಿ ಲಿನಕ್ಸ್ ನಡೆಯುತ್ತದೆ ಎಂಬುದು.

ಲಿನಕ್ಸ್ ಎಂದರೇನು?

ವಿಂಡೋಸ್ ಮಾಡುವ ಕೆಲಸವನ್ನೇ ಮಾಡುವ, ಹಣ ಕೊಡಬೇಕಾಗಿಲ್ಲದ ವ್ಯವಸ್ಥೆ ಇದು. ಫಿನ್ಲೆಂಡ್ ದೇಶದ ಲೀನಸ್ ಟೋರ್ವಾಲ್ಡ್ಸ್ ಎಂಬ ವಿದ್ಯಾರ್ಥಿ 1991ರಲ್ಲಿ ಇದರ ತಿರುಳನ್ನು ಬರೆದು ಎಲ್ಲರಿಗೂ ಬಿಟ್ಟುಕೊಟ್ಟರು. ಆಮೇಲೆ ಲೋಕದ ನಾನಾ ಕಡೆಯವರು ತಮಗೆ ತಿಳಿದಷ್ಟನ್ನು ಸೇರಿಸುತ್ತಾ ಬಂದಿದ್ದಾರೆ. ಸಹಕಾರಿ ಸಂಘದ ಸದಸ್ಯರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಉಬುಂಟು, ಲಿನಕ್ಸ್ ಮಿಂಟ್ ಮುಂತಾದ ಹೆಸರುಗಳಲ್ಲಿ ಸಿದ್ಧ ರೂಪದಲ್ಲಿ ಸಿಗುತ್ತದೆ. ನೆರೆಯ ಕೇರಳದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ಕಲಿಯುವುದು ಇದರ ಮೇಲೆಯೇ.

ಪತ್ರ ಬರೆಯಲು, ಲೆಕ್ಕದ ಹಾಳೆ ತಯಾರಿಸಲು, ಇಂಟರ್‌ನೆಟ್ ನೋಡಲು, ವಿಡಿಯೋ ಪಾಠ ಕೇಳಲು ಇದು ಸಾಕು. ಕನ್ನಡ ಯೂನಿಕೋಡ್‌ನಲ್ಲಿ ಚೆನ್ನಾಗಿಯೇ ಬರುತ್ತದೆ, ಕ.ಗ.ಪ. ಕೀಲಿಮಣೆ ವಿನ್ಯಾಸವೂ ಇದೆ. ಆದರೆ ಹಳೆಯ ನುಡಿ ಅಥವಾ ಬರಹದ ಯೂನಿಕೋಡ್ ಅಲ್ಲದ ಅಕ್ಷರಗಳಲ್ಲಿ ಬೆರಳಚ್ಚು ಮಾಡಿದ ಕಡತಗಳು ಗೋಜಲಾಗಿ ಕಾಣಿಸುತ್ತವೆ. ಅವನ್ನು ಮೊದಲು ಪರಿವರ್ತಿಸಿಕೊಳ್ಳಬೇಕು. ಟ್ಯಾಲಿ ವಿಂಡೋಸ್‌ಗಾಗಿ ಮಾಡಿದ ತಂತ್ರಾಂಶ. ಬಿ.ಕಾಂ. ಓದುವ ಮಕ್ಕಳಿದ್ದರೆ ಕಾಲೇಜಿನಲ್ಲಿ ಏನು ಬೇಕೆಂದು ವಿಚಾರಿಸಿ ತೀರ್ಮಾನಿಸಿ. ಸಂಘದ ಹಾಲು ಶೇಖರಣೆಯ ಕಂಪ್ಯೂಟರನ್ನಂತೂ ಒಕ್ಕೂಟದ ಕಂಪ್ಯೂಟರ್ ವಿಭಾಗವನ್ನು ಕೇಳದೆ ಯಾವ ಕಾರಣಕ್ಕೂ ಬದಲಾಯಿಸಬಾರದು.

ಹಾಕುವ ಮೊದಲು ಪರೀಕ್ಷಿಸಲು ಒಂದು ಅನುಕೂಲವಿದೆ. ಲಿನಕ್ಸನ್ನು ಪೆನ್‌ಡ್ರೈವ್‌ನಿಂದಲೇ ನಡೆಸಿ ನೋಡಬಹುದು, ಒಳಗಿನ ವಿಂಡೋಸ್‌ಗೂ ಕಡತಗಳಿಗೂ ಏನೂ ಆಗುವುದಿಲ್ಲ. ಗೌಡರ ಮನೆಯಲ್ಲಿ ಹಾಗೆಯೇ ಎರಡು ದಿನ ನೋಡಿದರು. ವೈಫೈ, ಧ್ವನಿ, ಕ್ಯಾಮೆರಾ ಎಲ್ಲ ನಡೆಯಿತು. ಆಮೇಲೆ ಹಳೆಯ ಹಾರ್ಡ್ ಡಿಸ್ಕ್ ತೆಗೆಸಿ ಎಸ್.ಎಸ್.ಡಿ. ಹಾಕಿಸಿದರು. ಹಳೆಯ ಯಂತ್ರ ನಿಧಾನವಾಗಿದ್ದರೆ ಮೊದಲು ಮಾಡಿಸಬೇಕಾದ ರಿಪೇರಿ ಇದೇ. ಒಟ್ಟು ಖರ್ಚು ಐದು ಸಾವಿರ ಮುಟ್ಟಲಿಲ್ಲ. ಕಡಸು ಕೊಟ್ಟಿಗೆಯಲ್ಲೇ ಉಳಿಯಿತು, ಜನವರಿಯಲ್ಲಿ ಕರು ಹಾಕಿತು.

ಪ್ರಿಂಟರ್‌ಗೂ ಒಂದು ಭಾಷೆ

ಲ್ಯಾಪ್‌ಟಾಪ್‌ನಲ್ಲಿ ಉಳಿಸಿದ್ದನ್ನು ಪ್ರಿಂಟರ್‌ನಲ್ಲಿ ಕಳೆದುಕೊಳ್ಳುವವರೇ ಹೆಚ್ಚು. ಆದುದರಿಂದ ಈ ಭಾಗವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಕಂಪ್ಯೂಟರ್ ಹೇಳಿದ್ದು ಪ್ರಿಂಟರ್‌ಗೆ ತಿಳಿಯಬೇಕಾದರೆ ನಡುವೆ ಒಬ್ಬ ದುಭಾಷಿ ಬೇಕು. ಅದಕ್ಕೆ ಡ್ರೈವರ್ ಎನ್ನುತ್ತಾರೆ. ಪೋಸ್ಟ್‌ಸ್ಕ್ರಿಪ್ಟ್, ಪಿ.ಸಿ.ಎಲ್. ಎಂಬ ಸಾಮಾನ್ಯ ಭಾಷೆ ಬಲ್ಲ ಪ್ರಿಂಟರ್‌ಗಳು ಯಾವ ಕಂಪ್ಯೂಟರ್ ಜೊತೆಗೂ ಹೊಂದಿಕೊಳ್ಳುತ್ತವೆ. ಸಂಘಗಳಲ್ಲಿರುವ ಹಳೆಯ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್‌ಗಳೂ ಬಹುತೇಕ ಹಾಗೆಯೇ. ಆದರೆ ಅಗ್ಗದ ಕೆಲವು ಲೇಸರ್ ಪ್ರಿಂಟರ್‌ಗಳಿಗೆ ಸ್ವಂತ ಬುದ್ಧಿ ಕಡಿಮೆ. ಪುಟ ಜೋಡಿಸುವ ಕೆಲಸವನ್ನೆಲ್ಲ ಕಂಪ್ಯೂಟರೇ ಮಾಡಿಕೊಡಬೇಕು, ಅದೂ ಕಂಪನಿಯದೇ ಗುಟ್ಟಿನ ಭಾಷೆಯಲ್ಲಿ. ನಮ್ಮ ಕಡೆ ಯಾವ ಜೆರಾಕ್ಸ್ ಅಂಗಡಿಗೆ, ಕಚೇರಿಗೆ ಹೋದರೂ ಕಾಣುವ ಕ್ಯಾನನ್ ಎಲ್.ಬಿ.ಪಿ. 2900 ಈ ಜಾತಿಯದು. ವಿಂಡೋಸ್‌ನಲ್ಲಿ ವರ್ಷಗಟ್ಟಲೆ ದುಡಿಯುವ ಗಟ್ಟಿ ಯಂತ್ರ, ಆದರೆ ಲಿನಕ್ಸ್‌ನಲ್ಲಿ ಅದನ್ನು ನಡೆಸುವುದು ತಿಳಿದವರಿಗೂ ತಲೆನೋವು. ಎಚ್‌ಪಿ ಲೇಸರ್‌ಜೆಟ್ 1020ಕ್ಕೆ ಪ್ರತಿ ಸಲ ಸ್ವಿಚ್ ಹಾಕಿದಾಗಲೂ ಅದರ ಒಳತಂತ್ರವನ್ನು ಕಂಪ್ಯೂಟರ್ ಉಣಿಸಬೇಕು. ಲಿನಕ್ಸ್‌ನಲ್ಲಿ ಅದಕ್ಕೆ ಬೇಕಾದ ಕಡತವನ್ನು ಬೇರೆಯಾಗಿ ಹಾಕಿಕೊಂಡರೆ ಮಾತ್ರ ನಡೆಯುತ್ತದೆ. ಸೆಕೆಂಡ್ ಹ್ಯಾಂಡ್‌ನಲ್ಲಿ ಇವು ಕಡಿಮೆ ಬೆಲೆಗೆ ಬಂದಾಗ ಈ ಮಾತು ನೆನಪಿರಲಿ.

ಈ ಗುಟ್ಟಿನ ಜಗಳ ಹಳೆಯದು. ಅಮೆರಿಕದ ಎಂ.ಐ.ಟಿ. ಪ್ರಯೋಗಾಲಯಕ್ಕೆ 1980ರ ಸುಮಾರಿಗೆ ಜೆರಾಕ್ಸ್ ಕಂಪನಿಯ ಒಂದು ಲೇಸರ್ ಪ್ರಿಂಟರ್ ಬಂತು. ಕಾಗದ ಸಿಕ್ಕಿಕೊಂಡಾಗ ಎಲ್ಲರಿಗೂ ಸುದ್ದಿ ಹೋಗುವಂತೆ ಅದರ ತಂತ್ರಾಂಶ ತಿದ್ದೋಣವೆಂದು ರಿಚರ್ಡ್ ಸ್ಟಾಲ್‌ಮನ್ ಎಂಬುವರು ಹೊರಟರೆ ಮೂಲ ಬರಹವನ್ನು ಅವರಿಗೆ ಕೊಡಲಿಲ್ಲ. ಆ ಕಹಿಯೂ ಒಂದು ಕಾರಣವಾಗಿ ಅವರು 1983ರಲ್ಲಿ ಗ್ನೂ ಎಂಬ ಮುಕ್ತ ತಂತ್ರಾಂಶದ ಕೆಲಸವನ್ನು ಘೋಷಿಸಿದರು. ಇಂದಿನ ಲಿನಕ್ಸ್ ವ್ಯವಸ್ಥೆಯ ಎಷ್ಟೋ ಭಾಗಗಳು ಅಲ್ಲಿಂದಲೇ ಬಂದವು.

ಈಚಿನ ಮಾದರಿಗಳಲ್ಲಿ ಸ್ಥಿತಿ ಬಹಳ ಸುಧಾರಿಸಿದೆ. 2010ರಲ್ಲಿ ಆಪಲ್ ಕಂಪನಿ ಏರ್‌ಪ್ರಿಂಟ್ ಎಂಬ ವಿಧಾನ ತಂದಿತು. ಮೊಬೈಲ್‌ನಿಂದ ಡ್ರೈವರ್ ಇಲ್ಲದೆಯೇ ಮುದ್ರಿಸುವುದು ಅದರ ಉದ್ದೇಶ. ಲಿನಕ್ಸ್‌ನ ಮುದ್ರಣ ವ್ಯವಸ್ಥೆಯಾದ ಕಪ್ಸ್ ಕೂಡ ಇಂಥ ಪ್ರಿಂಟರ್‌ಗಳನ್ನು ಡ್ರೈವರ್ ಕೇಳದೆ ಗುರುತಿಸುತ್ತದೆ. ಆದುದರಿಂದ ಪೆಟ್ಟಿಗೆಯ ಮೇಲೆ ಏರ್‌ಪ್ರಿಂಟ್ ಅಥವಾ ಮೋಪ್ರಿಯಾ ಎಂಬ ಗುರುತು ಇದೆಯೇ ನೋಡಿ. ಇದ್ದರೆ ಬಹುಪಾಲು ಲಿನಕ್ಸ್‌ಗೂ ಆಗುತ್ತದೆ, ಮನೆಯವರ ಫೋನಿಗೂ ಆಗುತ್ತದೆ. ಇಲ್ಲದಿದ್ದರೆ ಮಾದರಿ ಸಂಖ್ಯೆಯನ್ನು ಕೊನೆಯ ಅಕ್ಷರದವರೆಗೆ ಬರೆದುಕೊಂಡು ಬನ್ನಿ. ಒಂದು ಅಕ್ಷರ ಬೇರೆಯಾದರೆ ಒಳಗಿನ ಯಂತ್ರವೇ ಬೇರೆ ಇರಬಹುದು. ಎಚ್‌ಪಿ, ಎಪ್ಸನ್, ಬ್ರದರ್ ಕಂಪನಿಗಳು ತಮ್ಮ ಅನೇಕ ಮಾದರಿಗಳಿಗೆ ಲಿನಕ್ಸ್ ಡ್ರೈವರ್ ಒದಗಿಸುತ್ತವೆ. ಓಪನ್‌ಪ್ರಿಂಟಿಂಗ್ ಎಂಬ ಸಂಸ್ಥೆಯ ಪಟ್ಟಿಯಲ್ಲಿ ಪ್ರಿಂಟರ್‌ಗಳನ್ನು ದರ್ಜೆ ಮಾಡಿದ್ದಾರೆ. ಏನೂ ನಡೆಯದವನ್ನು ಅವರು ಇಟ್ಟಿರುವ ವರ್ಗದ ಹೆಸರು "ಪೇಪರ್‌ವೇಟ್"!

ಎಲ್ಲಕ್ಕಿಂತ ಒಳ್ಳೆಯದು, ಲಿನಕ್ಸ್ ಇರುವ ಪೆನ್‌ಡ್ರೈವ್ ಮತ್ತು ಲ್ಯಾಪ್‌ಟಾಪನ್ನು ಅಂಗಡಿಗೇ ತೆಗೆದುಕೊಂಡು ಹೋಗಿ ಒಂದು ಕನ್ನಡ ಪುಟ ಮುದ್ರಿಸಿ ನೋಡುವುದು. ಸ್ಕ್ಯಾನರ್ ಜೊತೆಗಿದ್ದರೆ ಅದನ್ನೂ ಬೇರೆಯಾಗಿ ಪರೀಕ್ಷಿಸಬೇಕು, ಏಕೆಂದರೆ ಮುದ್ರಣ ನಡೆದು ಸ್ಕ್ಯಾನ್ ನಡೆಯದ ಉದಾಹರಣೆಗಳಿವೆ. ಅಂಗಡಿಯವರು ಬೇಸರಪಟ್ಟುಕೊಂಡರೆ ಪಟ್ಟುಕೊಳ್ಳಲಿ, ಹಾಲು ಹಿಂಡಿ ನೋಡಲು ಬಿಡದವನ ಹಸುವನ್ನು ನಾವು ಕೊಳ್ಳುತ್ತೇವೆಯೇ?

ಬೆಲೆ ಬೇರೆ, ಮೇವು ಬೇರೆ

ಪ್ರಿಂಟರ್‌ನ ನಿಜವಾದ ಖರ್ಚು ಅದರ ಶಾಯಿ. ಲೆಕ್ಕಕ್ಕೆ ಒಂದು ಉದಾಹರಣೆ ಹಿಡಿಯೋಣ. ಒಂದು ಪ್ರಿಂಟರ್‌ಗೆ 4,500 ರೂಪಾಯಿ, ಅದರ 900 ರೂಪಾಯಿಯ ಕಾರ್ಟ್ರಿಡ್ಜ್ 150 ಪುಟ ಬರುತ್ತದೆ ಎಂದುಕೊಳ್ಳಿ. ಪುಟಕ್ಕೆ 6 ರೂಪಾಯಿ. ಇನ್ನೊಂದು ಶಾಯಿ ಟ್ಯಾಂಕಿನದು, ಬೆಲೆ 12,000, ಅದರ 400 ರೂಪಾಯಿಯ ಬಾಟಲಿ 4,000 ಪುಟ ಬರುತ್ತದೆ. ಪುಟಕ್ಕೆ 10 ಪೈಸೆ. ಬೆಲೆಯ ವ್ಯತ್ಯಾಸ 7,500 ರೂಪಾಯಿ ಸುಮಾರು 1,270 ಪುಟಗಳಲ್ಲಿ ತೀರುತ್ತದೆ. ವಾರಕ್ಕೆ 20 ಪುಟ ಮುದ್ರಿಸುವವರಿಗೆ ಒಂದೂಕಾಲು ವರ್ಷ. ತಿಂಗಳಿಗೆ 5 ಪುಟ ಮುದ್ರಿಸುವ ಮನೆಗೆ ಇಪ್ಪತ್ತೊಂದು ವರ್ಷ! ಅಂಥವರು ಎರಡನ್ನೂ ಕೊಳ್ಳಬಾರದು. ಜೆರಾಕ್ಸ್ ಅಂಗಡಿಯಲ್ಲಿ ಪುಟಕ್ಕೆ 5 ರೂಪಾಯಿ ಕೊಟ್ಟರೂ ವರ್ಷಕ್ಕೆ 300 ರೂಪಾಯಿ ಆಗುತ್ತದೆ ಅಷ್ಟೆ. ಗೌಡರ ಮಗಳಿಗೂ ನಾನು ಇದನ್ನೇ ಹೇಳಿದೆ. ಅವಳಿಗೆ ಅಷ್ಟು ಹಿಡಿಸಲಿಲ್ಲ, ಆದರೂ ಒಪ್ಪಿಕೊಂಡಳು.

ಹೊಸ ಲೇಸರ್ ಪ್ರಿಂಟರ್ ಜೊತೆ ಬರುವ ಟೋನರ್ ಎಷ್ಟೋ ಮಾದರಿಗಳಲ್ಲಿ ಪೂರ್ತಿ ತುಂಬಿದ್ದಲ್ಲ, ಬೇಗ ಮುಗಿಯುತ್ತದೆ. ಶಾಯಿಯ ಪ್ರಿಂಟರನ್ನು ವಾರಗಟ್ಟಲೆ ಬಳಸದೆ ಬಿಟ್ಟರೆ ಶಾಯಿ ಒಣಗಿ ತೂತುಗಳು ಕಟ್ಟಿಕೊಳ್ಳುತ್ತವೆ, ಆದರೆ ಲೇಸರ್‌ನ ಪುಡಿಗೆ ಆ ತೊಂದರೆಯಿಲ್ಲ. ಬೇರೆ ಕಂಪನಿಯ ಅಗ್ಗದ ಕಾರ್ಟ್ರಿಡ್ಜ್ ಹಾಕಬಹುದೆಂದು ನಂಬಿ ಕೊಳ್ಳುವವರು ಇನ್ನೊಂದು ವಿಷಯ ತಿಳಿದಿರಬೇಕು. 2016ರ ಸೆಪ್ಟೆಂಬರ್‌ನಲ್ಲಿ ಎಚ್‌ಪಿಯ ಹಲವು ಮಾದರಿಗಳು ಅಲ್ಲಿಯವರೆಗೆ ಒಪ್ಪಿಕೊಳ್ಳುತ್ತಿದ್ದ ಹೊರಗಿನ ಕಾರ್ಟ್ರಿಡ್ಜ್‌ಗಳನ್ನು ಇದ್ದಕ್ಕಿದ್ದಂತೆ ತಿರಸ್ಕರಿಸಿದವು. ಒಳತಂತ್ರದಲ್ಲೇ ಹಾಗೆ ಬರೆದಿದ್ದರು.

ಕರೆಂಟಿನ ವಿಷಯ: ಲೇಸರ್ ಪ್ರಿಂಟರ್ ಕಾಯುವಾಗ ಬಹಳ ವಿದ್ಯುತ್ ಎಳೆಯುತ್ತದೆ. ಅದನ್ನು ಕಂಪ್ಯೂಟರಿನ ಸಣ್ಣ ಯು.ಪಿ.ಎಸ್.ಗೆ ಜೋಡಿಸಬಾರದು.

ಸಂಘದ ಚೀಟಿ ಮಾಸಬಾರದು

ಕೊನೆಯದಾಗಿ ಸಂಘದ ಕಾರ್ಯದರ್ಶಿಗಳಿಗೂ ಆಡಳಿತ ಮಂಡಳಿಯವರಿಗೂ ಒಂದು ಮಾತು. 120 ಸದಸ್ಯರು ಎರಡೂ ಹೊತ್ತು ಹಾಲು ಹಾಕುವ ಸಂಘದಲ್ಲಿ ದಿನಕ್ಕೆ 240 ಚೀಟಿ. ಥರ್ಮಲ್ ಪ್ರಿಂಟರ್‌ಗೆ ಶಾಯಿ ಬೇಡ, ರಿಬ್ಬನ್ ಬೇಡ, ಸದ್ದಿಲ್ಲ, ಬೇಗ ಬರುತ್ತದೆ, ಕನ್ನಡವೂ ಸ್ಪಷ್ಟ. ಡಾಟ್ ಮ್ಯಾಟ್ರಿಕ್ಸ್ ಕನ್ನಡ ಅಕ್ಷರವನ್ನು ಚಿತ್ರದಂತೆ ಬಿಡಿಸಬೇಕಾಗಿರುವುದರಿಂದ ನಿಧಾನ, ಬೆಳಗಿನ ಸಾಲಿನಲ್ಲಿ ಕ್ಯಾನ್ ಹಿಡಿದು ನಿಂತವರಿಗೆ ಅದು ತಿಳಿದೇ ಇದೆ. ಆದರೆ ಥರ್ಮಲ್ ಕಾಗದದ ಬರಹ ಶಾಯಿಯಲ್ಲ, ಕಾಗದಕ್ಕೆ ಬಳಿದ ರಾಸಾಯನಿಕ ಬಿಸಿಗೆ ಕಪ್ಪಾಗುವುದು ಅಷ್ಟೆ. ಬಿಸಿಲು, ಶಾಖ, ಎಣ್ಣೆಯ ಕೈ, ಕೆಲವು ಬಗೆಯ ಪ್ಲಾಸ್ಟಿಕ್ ಕವರು, ಇವುಗಳಿಂದ ಅದು ಮಾಸಿಹೋಗುತ್ತದೆ. ಒಂದು ಸಂಘದಲ್ಲಿ ಫ್ಯಾಟ್ ಲೆಕ್ಕದ ತಕರಾರು ಬಂದಾಗ ಸದಸ್ಯರೊಬ್ಬರು ಪ್ಲಾಸ್ಟಿಕ್ ಚೀಲದಲ್ಲಿ ಜೋಪಾನವಾಗಿಟ್ಟ ನಾಲ್ಕು ತಿಂಗಳ ಚೀಟಿಗಳನ್ನು ನನ್ನ ಮುಂದೆ ಸುರಿದರು. ಅರ್ಧಕ್ಕಿಂತ ಹೆಚ್ಚು ಚೀಟಿಗಳಲ್ಲಿ ಒಂದು ಅಂಕಿಯೂ ಕಾಣಿಸುತ್ತಿರಲಿಲ್ಲ. ಅವರು ಮೋಸ ಹೋಗಿದ್ದರೋ ಇಲ್ಲವೋ ಎಂದು ಹೇಳಲು ಆ ಚೀಟಿಗಳಿಂದ ಯಾರಿಗೂ ಸಾಧ್ಯವಾಗಲಿಲ್ಲ.

ಆದುದರಿಂದ ಥರ್ಮಲ್ ಇರುವ ಸಂಘಗಳಲ್ಲಿ ಪ್ರತಿ ಬಟವಾಡೆಗೆ ಮುನ್ನ ಸದಸ್ಯವಾರು ಪಟ್ಟಿಯನ್ನು ಸಾಮಾನ್ಯ ಕಾಗದದ ಮೇಲೆ ಮುದ್ರಿಸಿ ಸಹಿ ಮಾಡಿ ಇಡುವುದು ಅಗತ್ಯ. ಅಷ್ಟಕ್ಕೆ ಹಳೆಯ ಡಾಟ್ ಮ್ಯಾಟ್ರಿಕ್ಸ್ ಸಾಕು, ಗುಜರಿಗೆ ಹಾಕಬೇಡಿ. ಹೊಸ ಕಂಪ್ಯೂಟರ್‌ಗಳಲ್ಲಿ ಅದರ ಅಗಲವಾದ ಪ್ಯಾರಲಲ್ ಕಿಂಡಿ ಇರುವುದಿಲ್ಲ. ಯು.ಎಸ್.ಬಿ.ಯಿಂದ ಪ್ಯಾರಲಲ್‌ಗೆ ಬದಲಿಸುವ ಕೇಬಲ್ ಅಂಗಡಿಗಳಲ್ಲಿ ಸಿಗುತ್ತದೆ, ಅದನ್ನು ಹಾಕಿ ಮೊದಲು ಪರೀಕ್ಷಿಸಿ. ಸದಸ್ಯರು ಚೀಟಿಯ ಅಂಕಿಗಳನ್ನು ಅದೇ ದಿನ ಹಾಲಿನ ಪುಸ್ತಕಕ್ಕೆ ಬರೆದುಕೊಳ್ಳಲಿ, ಅಥವಾ ಮನೆಯ ಮಕ್ಕಳಿಂದ ಫೋನಿನಲ್ಲಿ ಫೋಟೋ ತೆಗೆಸಿಡಲಿ. ಹೊಸ ಪ್ರಿಂಟರ್ ಕೊಳ್ಳುವ ಠರಾವು ಮಾಡುವ ಸಂಘಗಳು ಮಾದರಿ ಸಂಖ್ಯೆ, ರೋಲಿನ ಅಗಲ ಮತ್ತು ಈಗಿರುವ ಶೇಖರಣಾ ಯಂತ್ರದ ಹೆಸರನ್ನು ಬರೆದು, ಮುಂಗಡ ಕೊಡುವ ಮೊದಲೇ ತಮ್ಮ ಮಾರ್ಗದ ವಿಸ್ತರಣಾಧಿಕಾರಿಗಳ ಕೈಗೆ ಕೊಡಬೇಕಾಗಿ ಕೋರುತ್ತೇನೆ.