ಕುಂಡದಲ್ಲಿ ಕುಬ್ಜ ದಾಳಿಂಬೆ

ಮುಂಬಯಿಯಲ್ಲಿ ಬೆಳೆದ ನಮಗೆ ತೋಟವೆಂದರೆ ಊರಿನಲ್ಲಿ, ಅಜ್ಜನ ಮನೆಯ ಹಿತ್ತಿಲಲ್ಲಿ ಇರತಕ್ಕ ವಸ್ತು. ಆದರೆ ಬಿಸಿಲು ಬೀಳುವ ಒಂದು ಮೂಲೆಯಿದ್ದರೆ ನಗರದಲ್ಲಿಯೂ ಮರವೊಂದನ್ನು ಸಾಕಬಹುದೆಂಬುದನ್ನು ಕುಬ್ಜ ದಾಳಿಂಬೆ ನಮಗೆ ಕಲಿಸಿತು.

ಇದು ದಾಳಿಂಬೆಯದೇ ಗಿಡ್ಡ ತಳಿ; ಸುಮಾರು 3 ಅಡಿಗಳಲ್ಲಿಯೇ ತೃಪ್ತಿಪಡುತ್ತದೆ. ಎಲೆ, ಹೂ, ಕಾಯಿ ಎಲ್ಲವೂ ಚಿಕ್ಕವು. ಹೂವಿನ ಕೆಂಪು ಮಾತ್ರ ಕಿರಿದಾಗಿಲ್ಲ. ಹಣ್ಣು ನೋಟಕ್ಕೆ ಸೊಗಸೇ ಹೊರತು ರುಚಿಗಲ್ಲ.

ನಮ್ಮ ಮೊದಲ ಗಿಡವು ನಮ್ಮ ಅಕ್ಕರೆಯಿಂದಲೇ ಸತ್ತಿತು. ಸರದಿಯಿದ್ದವರೂ ಇಲ್ಲದವರೂ ನೀರೆರೆದೆವು. ಎಲೆ ಹಳದಿಯಾಗಲು, ಬಾಯಾರಿಕೆಯೆಂದು ಬಗೆದು ಇನ್ನಷ್ಟು ಎರೆದೆವು. ಕೊನೆಗೆ ಕುಂಡವನ್ನು ಬೋರಲಿಟ್ಟು ನೋಡಿದರೆ, ತಳದ ರಂಧ್ರ ಮುಚ್ಚಿಹೋಗಿ ಬೇರುಗಳು ಕೊಳೆತಿದ್ದವು. ಬೇರಿಗೆ ನೀರಿನಂತೆ ಗಾಳಿಯೂ ಬೇಕು. ಮಣ್ಣಿನ ಕಣಗಳ ನಡುವಿನ ತೆರವನ್ನೆಲ್ಲ ನೀರೇ ತುಂಬಿದರೆ ಬೇರು ಉಸಿರಾಡಲಾರದು; ಉಸಿರುಕಟ್ಟಿದ ಬೇರು ನೀರನ್ನು ಹೀರಲಾರದು. ಆದುದರಿಂದಲೇ ನೀರಿನಲ್ಲಿ ನಿಂತ ಗಿಡವೂ ಬಾಡುತ್ತದೆ.

ಎರಡನೆಯ ಗಿಡಕ್ಕೆ 12 ಅಂಗುಲದ ಕುಂಡವನ್ನು ತಂದೆವು. ರಂಧ್ರದ ಮೇಲೆ ಹೆಂಚಿನ ಚೂರನ್ನಿಟ್ಟು, ಕೆಂಪುಮಣ್ಣು, ಮರಳು, ಹಳೆಯ ಗೊಬ್ಬರಗಳನ್ನು ಬೆರೆಸಿ ತುಂಬಿದೆವು. ದಿನಕ್ಕೆ 6 ಗಂಟೆಗಳ ಬಿಸಿಲು ಸಿಗುವೆಡೆ ಇರಿಸಿದೆವು. ಜಡಿಮಳೆಯ ದಿನಗಳಲ್ಲಿ ಸೂರಿನಡಿಗೆ ಸರಿಸಿದೆವು. ಹೂಗಳು ಚಿಗುರಿನ ತುದಿಯಲ್ಲಿ ಮೂಡುವುದರಿಂದ, ಚಳಿಗಾಲದ ಕೊನೆಯಲ್ಲಿ ಮಾತ್ರ ರೆಂಬೆಗಳನ್ನು ಕತ್ತರಿಸಿದೆವು. ಮೊಗ್ಗು ಕಂಡ ಮೇಲೆ ಕತ್ತರಿಯನ್ನು ಮುಟ್ಟಲಿಲ್ಲ.

ಈಗ ಅದು ಶಾಲೆಯ ಮೆಟ್ಟಿಲ ಬಳಿ ಹೂಬಿಟ್ಟಿದೆ. ಕಿರಿಯ ತರಗತಿಯ ಗೆಳೆಯರೇ, ನೀರೆರೆಯುವ ಮುನ್ನ ಬೆರಳನ್ನು ಒಂದಂಗುಲ ಮಣ್ಣಿಗಿಳಿಸಿ ನೋಡಿರಿ. ಒಣಗಿದ್ದರೆ ಮಾತ್ರ ಎರೆಯಿರಿ. ಬರುವ ವರ್ಷ ನಾವು ಇಲ್ಲಿರುವುದಿಲ್ಲ. ಗಿಡವಿರಬೇಕು.