ಆ್ಯಪಿನಲ್ಲೊಂದು ಹೊಸ ಬಟನ್: ನಂಬಿದ್ದೇನು, ನಿಜವೇನು?

ಆಟೋ ಕರೆಯಲೆಂದು ಹಾಕಿಕೊಂಡ ಆ್ಯಪಿನಲ್ಲಿ ಮೆಟ್ರೋ ಟಿಕೆಟ್. ಊಟ ತರಿಸಲೆಂದು ಹಾಕಿಕೊಂಡದ್ದರಲ್ಲಿ ಪೊರಕೆ, ಫಿನಾಯಿಲು. ಪುಸ್ತಕ ಮಾರಲು ಬಂದವರಲ್ಲಿ ವಾಷಿಂಗ್ ಮಷೀನು. ಹೆಬ್ಬಾಳ, ಯಲಹಂಕ, ಆರ್.ಟಿ. ನಗರದ ಮನೆಗಳಲ್ಲಿ ಇದೆಲ್ಲ ಈಗ ಮಾಮೂಲು. ಆದರೆ ಈ ಕಂಪನಿಗಳು ಒಂದು ವ್ಯಾಪಾರದಿಂದ ಇನ್ನೊಂದಕ್ಕೆ ದಾಟುವುದು ಹೇಗೆ ಎಂಬ ವಿಷಯದಲ್ಲಿ ಕೆಲವು ತಪ್ಪು ಕಲ್ಪನೆಗಳು ಬೇರೂರಿವೆ.

ತಪ್ಪು ಕಲ್ಪನೆ 1: ಆ್ಯಪೂ ಗಿರಾಕಿಗಳೂ ಇದ್ದರೆ ಏನನ್ನು ಬೇಕಾದರೂ ಮಾರಬಹುದು.

ಸತ್ಯ: ಕ್ಯಾಬ್ ಕಂಪನಿ ಓಲಾ 2015ರಲ್ಲಿ ಊಟಕ್ಕೆ ಓಲಾ ಕೆಫೆ, ದಿನಸಿಗೆ ಓಲಾ ಸ್ಟೋರ್ ಶುರುಮಾಡಿತು. ಮರುವರ್ಷವೇ ಎರಡನ್ನೂ ಮುಚ್ಚಿತು. 2017ರ ಕೊನೆಗೆ ಊಟ ತಲುಪಿಸುವ ಫುಡ್‌ಪಾಂಡಾದ ಭಾರತದ ವಹಿವಾಟು ಕೊಂಡರೂ ಕೈ ಹತ್ತಲಿಲ್ಲ. ಗಿರಾಕಿಗಳಿಗೇನೂ ಬರವಿರಲಿಲ್ಲ. ಆದರೆ ಹೆಬ್ಬಾಳ ಫ್ಲೈಓವರಿನಲ್ಲಿ ಸಿಕ್ಕಿಬಿದ್ದ ಕಾರು ಬಾಡಿಗೆ ದುಡಿದೀತೇ ಹೊರತು ಬಿಸಿ ದೋಸೆ ತಲುಪಿಸಲಾರದು. ಅಮೆಜಾನ್ ಕೂಡ 2020ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲೇ ಊಟದ ಡೆಲಿವರಿ ಆರಂಭಿಸಿ, 2022ರ ಡಿಸೆಂಬರ್ ಕೊನೆಗೆ ನಿಲ್ಲಿಸಿತು. ಗಿರಾಕಿ ಹಳಬನೇ ಆದರೂ ಸರಕು ಸಾಗಿಸುವ ಬಗೆ ಬೇರೆಯಾದರೆ ವ್ಯಾಪಾರವೇ ಬೇರೆ.

ತಪ್ಪು ಕಲ್ಪನೆ 2: ಕೆಲವೇ ನಿಮಿಷಗಳಲ್ಲಿ ದಿನಸಿ ಬರುವುದು ರೈಡರ್ ಬೈಕನ್ನು ಜೋರಾಗಿ ಓಡಿಸುವುದರಿಂದ.

ಸತ್ಯ: ಸಮಯ ಉಳಿಯುವುದು ಹೆಚ್ಚಾಗಿ ಗೋದಾಮಿನಲ್ಲಿ. 2014ರಲ್ಲಿ ಕೋರಮಂಗಲದ ಹೋಟೆಲುಗಳಿಂದ ಊಟ ತಲುಪಿಸುತ್ತಾ ಶುರುವಾದ ಸ್ವಿಗ್ಗಿ, 2020ರಲ್ಲಿ ದಿನಸಿಗೆಂದು ಇನ್‌ಸ್ಟಾಮಾರ್ಟ್ ತೆರೆದಾಗ ಆ್ಯಪು, ಮ್ಯಾಪು, ರೈಡರ್ ವ್ಯವಸ್ಥೆ ಮೊದಲೇ ಇದ್ದವು. ಇಲ್ಲದಿದ್ದದ್ದು ಸರಕಿಡುವ ಜಾಗ. ಅದಕ್ಕಾಗಿಯೇ ಬಡಾವಣೆಗಳ ನಡುವೆ ಡಾರ್ಕ್ ಸ್ಟೋರ್‌ಗಳು ಹುಟ್ಟಿಕೊಂಡವು. ಗಿರಾಕಿಗೆ ಒಳಗೆ ಪ್ರವೇಶವಿಲ್ಲ. ಪ್ರತಿ ಕಪಾಟಿಗೂ ನಂಬರು. ಆರ್ಡರ್ ಬಿದ್ದ ಕ್ಷಣ ಸಾಮಾನು ಆರಿಸಿಕೊಡುವ ಪಿಕ್ಕರ್ ಕೈಯ ಮೊಬೈಲಿನಲ್ಲಿ ಯಾವ ಸಾಲು, ಯಾವ ಖಾನೆ ಎಂದು ಮೂಡುತ್ತದೆ. ಬೇಗ ಖರ್ಚಾಗುವ ಹಾಲು, ಮೊಟ್ಟೆ, ಬ್ರೆಡ್ಡು ಕೈಗೆಟಕುವಲ್ಲಿರುತ್ತವೆ; ಅಪರೂಪಕ್ಕೆ ಹೋಗುವ ಸಾಮಾನು ಒಳಗಡೆ. ಮನೆಗೆ ಒಂದೆರಡು ಕಿಲೋಮೀಟರಿನಲ್ಲಿ ಇಂಥ ಮಳಿಗೆ ಇಲ್ಲದಿದ್ದರೆ ರೈಡರ್ ಎಷ್ಟು ವೇಗವಾಗಿ ಬಂದರೂ ಲೆಕ್ಕ ಹೊಂದುವುದಿಲ್ಲ.

ತಪ್ಪು ಕಲ್ಪನೆ 3: ಹೊಸತನವೆಂದರೆ ಸಾಫ್ಟ್‌ವೇರು.

ಸತ್ಯ: ಫ್ಲಿಪ್‌ಕಾರ್ಟ್ 2007ರಲ್ಲಿ ಪುಸ್ತಕ ಮಾರುತ್ತಾ ಹುಟ್ಟಿತು. ಕಾರ್ಡಿಲ್ಲದವರನ್ನೂ ಕಾರ್ಡ್ ನಂಬರು ಕೊಡಲು ಹೆದರುವವರನ್ನೂ ಅದರತ್ತ ಸೆಳೆದದ್ದು 2010ರಲ್ಲಿ ಬಂದ ‘ಸಾಮಾನು ಕೈಗೆ ಬಂದ ಮೇಲೆ ದುಡ್ಡು’ ವ್ಯವಸ್ಥೆ. ಯಶವಂತಪುರಕ್ಕೆ ಸಮೀಪದ ವರ್ಲ್ಡ್ ಟ್ರೇಡ್ ಸೆಂಟರಿನಲ್ಲಿ ಬಹುಕಾಲ ಮುಖ್ಯ ಕಚೇರಿ ಹೊಂದಿದ್ದ ಅಮೆಜಾನ್ ಇಂಡಿಯಾ, 2013ರಲ್ಲಿ ಪುಸ್ತಕ ಮತ್ತು ಸಿನಿಮಾ ಡಿವಿಡಿಗಳಿಂದ ಆರಂಭಿಸಿತು. ಬೇರೆ ಬೇರೆ ಸರಕಿಗೆ ಬೇರೆ ಬೇರೆ ವ್ಯಾಪಾರಿಗಳು ಬೇಕಲ್ಲ? ಅವರನ್ನು ಒಲಿಸಲು ಅದು ಮಾರುಕಟ್ಟೆಗಳಿಗೆ ಟೀ ಗಾಡಿ ಕಳಿಸಿತು. ಟೀ ಕುಡಿಸುತ್ತಾ ಆನ್‌ಲೈನ್ ಮಾರಾಟದ ಪಾಠ ಹೇಳಿಕೊಟ್ಟಿತು. ‘ಐ ಹ್ಯಾವ್ ಸ್ಪೇಸ್’ ಯೋಜನೆಯಲ್ಲಿ ಕಿರಾಣಿ ಅಂಗಡಿಯವರೇ ಸುತ್ತಲಿನ ಮನೆಗಳಿಗೆ ಪಾರ್ಸೆಲ್ ತಲುಪಿಸುವಂತೆ ಮಾಡಿತು.

ತಪ್ಪು ಕಲ್ಪನೆ 4: ದೊಡ್ಡವರು ಹೊಸದು ಹುಡುಕುತ್ತಾರೆ, ಚಿಕ್ಕವರು ನಕಲು ಮಾಡುತ್ತಾರೆ.

ಸತ್ಯ: ಆಟೋ ವಿಷಯದಲ್ಲಿ ಆದದ್ದು ತಿರುವುಮುರುವು. ಬೆಂಗಳೂರಿನ ಜಸ್‌ಪೇ ಕಂಪನಿ ಆಟೋ ಚಾಲಕರ ಯೂನಿಯನ್ ಜತೆ ಸೇರಿ 2022ರ ನವೆಂಬರಿನಲ್ಲಿ ‘ನಮ್ಮ ಯಾತ್ರಿ’ ಆ್ಯಪ್ ಆರಂಭಿಸಿತು. ಚಾಲಕರಿಂದ ಕಮಿಷನ್ ಇಲ್ಲ. ಬದಲಿಗೆ ಮುಂದೆ ದಿನಕ್ಕೆ 25 ರೂಪಾಯಿಯ ಚಂದಾ ಬಂತು. 2024ರಲ್ಲಿ ಅದು ಇಲ್ಲಿ ಕ್ಯಾಬಿಗೂ ಕಾಲಿಟ್ಟಿತು. 2025ರ ಫೆಬ್ರವರಿಯಲ್ಲಿ ಉಬರ್ ಕೂಡ ಆಟೋಗಳಿಗೆ ಕಮಿಷನ್ ಬಿಟ್ಟು ಚಂದಾ ಪದ್ಧತಿಗೆ ಬಂತು. ಇಲ್ಲಿ ಹೊಸದಾದದ್ದು ಸರಕಲ್ಲ, ಹಣ ವಸೂಲಿ ಮಾಡುವ ರೀತಿ.

ತಪ್ಪು ಕಲ್ಪನೆ 5: ಮುಚ್ಚಿದ ವಿಭಾಗವೆಂದರೆ ನೀರಿಗೆ ಹಾಕಿದ ಹಣ.

ಸತ್ಯ: ಕೆಲವು ಸಲ ಹೌದು, ಎಲ್ಲ ಸಲವೂ ಅಲ್ಲ. ರಾಪಿಡೋ ಕಟ್ಟಿದವರು ಮೊದಲು ಕೈಯಿಟ್ಟದ್ದು ಮಿನಿ ಟ್ರಕ್‌ಗಳ ಸರಕು ಸಾಗಣೆಗೆ. ಅದನ್ನು ಬಿಟ್ಟ ಮೇಲೆ ಬಂದದ್ದು ಬೈಕ್ ಟ್ಯಾಕ್ಸಿ. ಫ್ಲಿಪ್‌ಕಾರ್ಟಿನ ಸಂಗೀತ ಮಳಿಗೆ ‘ಫ್ಲೈಟ್’ 2012ರಲ್ಲಿ ತೆರೆದು 2013ರಲ್ಲಿ ಮುಚ್ಚಿತು. ಪೈರಸಿಯ ಜತೆಗೆ, ಒಂದು ಹಾಡಿನ ಚಿಲ್ಲರೆ ದುಡ್ಡು ಆನ್‌ಲೈನಿನಲ್ಲಿ ಕೊಡುವುದೇ ಆಗ ಕಷ್ಟವಾಗಿತ್ತು. ಯುಪಿಐ ಬಂದ 2016ರಲ್ಲೇ ಫ್ಲಿಪ್‌ಕಾರ್ಟ್ ಪಾವತಿ ಕಂಪನಿ ಫೋನ್‌ಪೇಯನ್ನು ಕೊಂಡಿತು. ಚಿಲ್ಲರೆ ಪಾವತಿಯೇ ದೊಡ್ಡ ವ್ಯಾಪಾರವಾಗಿ ಬೆಳೆದು, 2022ರ ಕೊನೆಗೆ ಫೋನ್‌ಪೇ ಪೂರ್ತಿ ಬೇರೆ ಕಂಪನಿಯಾಯಿತು.

ಹಾಗಾಗಿ ಆ್ಯಪಿನಲ್ಲಿ ಹೊಸ ಬಟನ್ ಕಂಡಾಗ ಮೂರು ಪ್ರಶ್ನೆ ಸಾಕು: ಸರಕು ಎಲ್ಲಿಡುತ್ತಾರೆ, ಯಾರು ತರುತ್ತಾರೆ, ಪ್ರತಿ ಆರ್ಡರಿನ ಖರ್ಚು ಯಾರ ತಲೆಗೆ? ರಿಯಾಯಿತಿ ಮುಗಿದ ಮೇಲೂ ಈ ಮೂರಕ್ಕೆ ಉತ್ತರ ಸರಿಹೊಂದಿದರೆ ಆ ಬಟನ್ ಉಳಿಯುತ್ತದೆ. ಅದನ್ನು ನಂಬಿ ಸಾಲ ಮಾಡಿ ಗಾಡಿ ಕೊಳ್ಳುವ ಚಾಲಕ, ಅಂಗಡಿ ವಿಸ್ತರಿಸುವ ವ್ಯಾಪಾರಿ ಈ ಲೆಕ್ಕವನ್ನು ಮೊದಲೇ ಹಾಕಿಕೊಳ್ಳುವುದು ಮೇಲು.