ಸಣ್ಣ ಕುದುರೆ ಫಾರಂಗಾಗಿ ಜಮೀನು ಆಯ್ಕೆ: ಸಾರ್ವಜನಿಕರ ಮಾಹಿತಿಗಾಗಿ

ನಗರವನ್ನು ಬಿಟ್ಟು ಹಳ್ಳಿಯ ಕಡೆಗೆ ವಾಸ ಬದಲಿಸಿ, ನಾಲ್ಕಾರು ಎಕರೆ ಜಮೀನು ಕೊಂಡು, ಮೂರು ನಾಲ್ಕು ಕುದುರೆಗಳನ್ನು ಸಾಕಬೇಕೆಂಬ ಅಪೇಕ್ಷೆಯುಳ್ಳ ನಾಗರಿಕರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ಒದಗಿಸಲಾಗಿದೆ. ಕರ್ನಾಟಕ ಭೂ ಸುಧಾರಣಾ ಅಧಿನಿಯಮ, 1961ಕ್ಕೆ 2020ರಲ್ಲಿ ತಂದ ತಿದ್ದುಪಡಿಯಿಂದ 79ಎ, 79ಬಿ ಮತ್ತು 79ಸಿ ಪ್ರಕರಣಗಳನ್ನು ಕೈಬಿಡಲಾಗಿದ್ದು, ಕೃಷಿಕರಲ್ಲದವರಿಗೂ ಕೃಷಿ ಜಮೀನು ಕೊಳ್ಳಲು ಅವಕಾಶ ದೊರೆತಿದೆ. ಆದರೆ ಕೊಳ್ಳುವುದು ಸುಲಭವಾದ ಮಾತ್ರಕ್ಕೆ ಕೊಂಡ ಜಮೀನು ಕುದುರೆಗೆ ಒಗ್ಗುತ್ತದೆಂದು ಭಾವಿಸತಕ್ಕದ್ದಲ್ಲ. ಹಸು ಎಮ್ಮೆಗಳು ಚೆನ್ನಾಗಿ ಬಾಳುವ ಎಷ್ಟೋ ಊರುಗಳ ನೆಲ, ನೀರು, ಮೇವು ಕುದುರೆಗೆ ಹಿಡಿಸುವುದಿಲ್ಲ. ಮುಂಗಡ ಹಣ ಕೊಡುವ ಮೊದಲೇ ಈ ಕೆಳಗಿನ ಅಂಶಗಳನ್ನು ಪರಿಶೀಲಿಸಬೇಕೆಂದು ಕೋರಲಾಗಿದೆ.

ಉದ್ದೇಶವನ್ನು ಮೊದಲು ನಿರ್ಧರಿಸುವುದು

ಭೂ ಸುಧಾರಣಾ ಅಧಿನಿಯಮದಲ್ಲಿ "ಕೃಷಿ" ಎಂಬ ಪದದ ವ್ಯಾಪ್ತಿಯಲ್ಲಿ ಜಾನುವಾರು ತಳಿ ಸಂವರ್ಧನೆ, ಹುಲ್ಲು ಬೆಳೆಯುವುದು ಮತ್ತು ಮೇಯಿಸುವುದು ಸೇರಿವೆ. ಆದುದರಿಂದ ಕೃಷಿ ಜಮೀನಿನಲ್ಲಿ ಕುದುರೆಗಳನ್ನು ಸಾಕಿ ಮರಿ ಮಾಡಿಸುವುದು ಒಂದು ಬಗೆ. ಅದೇ ಜಮೀನಿನಲ್ಲಿ ಶುಲ್ಕ ಪಡೆದು ಸವಾರಿ ಕಲಿಸುವುದು, ಬೇರೆಯವರ ಕುದುರೆಗಳನ್ನು ಬಾಡಿಗೆಗೆ ಇರಿಸಿಕೊಳ್ಳುವುದು, ಪ್ರವಾಸಿಗರಿಗೆ ತಂಗುಮನೆ ನಡೆಸುವುದು ಮತ್ತೊಂದು ಬಗೆ. ಎರಡನೆಯ ಬಗೆಯ ಬಳಕೆಗೆ ಕರ್ನಾಟಕ ಭೂ ಕಂದಾಯ ಅಧಿನಿಯಮ, 1964ರ 95ನೇ ಪ್ರಕರಣದನ್ವಯ ಭೂ ಪರಿವರ್ತನೆಯ ಪ್ರಶ್ನೆ ಏಳುತ್ತದೆ. ಪರಿವರ್ತನೆ ದೊರೆಯುವ ಊರು, ದೊರೆಯದ ಊರು ಎಂಬ ವ್ಯತ್ಯಾಸವಿದೆ. ನಗರ ಯೋಜನೆಯ ಹಸಿರು ವಲಯದಲ್ಲಿ ಅದು ಬಹಳ ಕಠಿಣ. ನೀರಾವರಿ ಅಚ್ಚುಕಟ್ಟಿನ ಜಮೀನುಗಳನ್ನು ಕೃಷಿಗೇ ಬಳಸಬೇಕೆಂಬ ನಿರ್ಬಂಧವೂ 2020ರ ತಿದ್ದುಪಡಿಯಲ್ಲಿದೆ. ಸವಾರಿ ಶಾಲೆಯ ಯೋಜನೆಯುಳ್ಳವರು ತಹಶೀಲ್ದಾರರ ಕಚೇರಿಯಲ್ಲಿ ಮತ್ತು ಯೋಜನಾ ಪ್ರಾಧಿಕಾರದಲ್ಲಿ ವಿಚಾರಿಸಿದ ನಂತರವೇ ಊರನ್ನು ಆರಿಸಿಕೊಳ್ಳುವುದು ಲೇಸು.

ಒಂದು ಮಾತನ್ನು ಇಲ್ಲಿಯೇ ಹೇಳಬೇಕಾಗಿದೆ. ರಾಜ್ಯದ ಭೂ ಕಾನೂನು ಜಾನುವಾರು ಸಾಕಣೆಯನ್ನು ಕೃಷಿಯೆಂದು ಕರೆದರೂ, ಆದಾಯ ತೆರಿಗೆಯ ಲೆಕ್ಕದಲ್ಲಿ ಕುದುರೆ ಮರಿ ಮಾರಿದ ಹಣವನ್ನು ಕೃಷಿ ಆದಾಯವೆಂದು ಪರಿಗಣಿಸುವುದಿಲ್ಲ. ತೆರಿಗೆ ಉಳಿಯುತ್ತದೆಂಬ ಲೆಕ್ಕದಿಂದ ಜಮೀನು ಕೊಳ್ಳುವವರು ಇದನ್ನು ತಿಳಿದಿರತಕ್ಕದ್ದು.

ನೆಲ ಮತ್ತು ಮಳೆ

ಕುದುರೆಯ ಆರೋಗ್ಯ ಅದರ ಗೊರಸಿನಲ್ಲಿದೆ, ಗೊರಸಿನ ಆರೋಗ್ಯ ನೆಲದಲ್ಲಿದೆ. ನೀರು ಬಸಿದು ಹೋಗುವ, ತುಸು ಇಳಿಜಾರುಳ್ಳ ಕೆಂಪು ಮಣ್ಣಿನ ಭೂಮಿ ಎಲ್ಲಕ್ಕಿಂತ ಉತ್ತಮ. ಎರೆಭೂಮಿ ಬೆಳೆಗೆ ಎಷ್ಟೇ ಫಲವತ್ತಾಗಿದ್ದರೂ ಮಳೆಗಾಲದಲ್ಲಿ ಅಂಟಿ ಕಾಲನ್ನು ಎಳೆಯುತ್ತದೆ, ಬೇಸಿಗೆಯಲ್ಲಿ ಬಾಯಿಬಿಟ್ಟು ಬಿರಿಯುತ್ತದೆ. ಓಡುವ ಮರಿಯ ಕಾಲು ಆ ಬಿರುಕಿನಲ್ಲಿ ಸಿಕ್ಕಿದರೆ ಮೂಳೆ ಮುರಿಯುವ ಅಪಾಯವಿದೆ. ತೀರ ಮರಳು ಮಣ್ಣಿನಲ್ಲಿ ಮೇಯುವ ಕುದುರೆಯ ಕರುಳಿನಲ್ಲಿ ಮರಳು ಸೇರಿ ಹೊಟ್ಟೆಶೂಲೆ ಬರುತ್ತದೆ.

ಮಲೆನಾಡಿನ ಹಸಿರನ್ನು ಕಂಡು ಮನಸೋಲುವ ಅರ್ಜಿದಾರರು ಹಲವರು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆಯಾಗುತ್ತದೆ. ಚಿತ್ರದುರ್ಗದಲ್ಲಿ ಅದರ ಹತ್ತನೆಯ ಒಂದು ಭಾಗದಷ್ಟೂ ಆಗುವುದಿಲ್ಲ. ಇವೆರಡರ ನಡುವಿನ ನಾಡೇ ಕುದುರೆಗೆ ಸೂಕ್ತ. ನಿರಂತರ ತೇವದಲ್ಲಿ ಗೊರಸಿನ ಅಡಿ ಕೊಳೆಯುತ್ತದೆ, ಒಣ ಮೇವಿಗೆ ಬೂಷ್ಟು ಹಿಡಿಯುತ್ತದೆ, ಇಂಬಳ ಮತ್ತು ಉಣ್ಣೆಗಳ ಕಾಟವಿರುತ್ತದೆ. ಮಲೆನಾಡಿನಲ್ಲಿಯೇ ನೆಲೆಸಬೇಕೆಂಬ ದೃಢ ನಿಶ್ಚಯವಿದ್ದವರು ಘಟ್ಟದ ನೆತ್ತಿಯನ್ನು ಬಿಟ್ಟು ಪೂರ್ವದ ಅರೆಮಲೆನಾಡಿನ ಅಂಚಿನಲ್ಲಿ ಹುಡುಕುವುದು ಒಳಿತು. ಸಕಲೇಶಪುರ, ಆಲೂರು, ಕೊಡಗಿನ ಕಡೆ ಆನೆಗಳ ಸಂಚಾರವನ್ನೂ ಗಮನದಲ್ಲಿಡಬೇಕು. ಚಿರತೆಯ ವಿಷಯದಲ್ಲಿ ಮಾಗಡಿ, ತುಮಕೂರು ಕಡೆಯ ಬಯಲುಸೀಮೆಯ ಗುಡ್ಡಗಳೂ ಹೊರತಲ್ಲ. ರಾತ್ರಿ ಮರಿಗಳನ್ನು ಭದ್ರವಾದ ಲಾಯದಲ್ಲಿಯೇ ಇರಿಸತಕ್ಕದ್ದು.

ನೀರು ಮತ್ತು ಮೇವು

ಸ್ಥಳದ ಆಯ್ಕೆಯಲ್ಲಿ ನಿರ್ಣಾಯಕವಾದುದು ಇದೇ. ಸುಮಾರು 450 ಕಿಲೋಗ್ರಾಂ ತೂಕದ ಕುದುರೆ ದಿನಕ್ಕೆ 25ರಿಂದ 45 ಲೀಟರ್ ನೀರು ಕುಡಿಯುತ್ತದೆ. ನಾಲ್ಕು ಕುದುರೆಗಳಿಗೆ ಕುಡಿಯಲು ಇನ್ನೂರು ಲೀಟರ್ ಸಾಕು. ಈ ಲೆಕ್ಕವನ್ನಷ್ಟೇ ನೋಡಿ ಸಣ್ಣ ಕೊಳವೆಬಾವಿ ಸಾಲುತ್ತದೆಂದು ತೀರ್ಮಾನಿಸುವುದು ಸರಿಯಲ್ಲ. ಮೇವಿಗೆ ಬೇಕಾಗುವ ನೀರೇ ಬೇರೆ. ಅರ್ಧ ಎಕರೆ ಕುದುರೆ ಮಸಾಲೆ ಸೊಪ್ಪಿಗೆ ಒಮ್ಮೆ ಎರಡು ಅಂಗುಲ ನೀರು ಹಾಯಿಸಿದರೆ ಸುಮಾರು ಒಂದು ಲಕ್ಷ ಲೀಟರ್ ಆಗುತ್ತದೆ. ಬೇಸಿಗೆಯಲ್ಲಿ ಇದನ್ನು ಮತ್ತೆ ಮತ್ತೆ ಹಾಯಿಸಬೇಕು.

ಕೋಲಾರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಸಾವಿರ ಅಡಿಗೂ ಆಳ ಕೊರೆದರೂ ನೀರು ಸಿಗದ ಕೊಳವೆಬಾವಿಗಳಿವೆ. ಅಂತರ್ಜಲ ನಿಯಂತ್ರಣಕ್ಕಾಗಿ ರಾಜ್ಯದಲ್ಲಿ 2011ರ ಅಧಿನಿಯಮವಿದ್ದು, ಅಧಿಸೂಚಿತ ತಾಲ್ಲೂಕುಗಳಲ್ಲಿ ಹೊಸ ಕೊಳವೆಬಾವಿಗೆ ಪೂರ್ವಾನುಮತಿ ಅಗತ್ಯ. "ಜಮೀನು ಕೊಳ್ಳಿ, ನೀರು ಆಮೇಲೆ ನೋಡೋಣ" ಎನ್ನುವ ಮಧ್ಯವರ್ತಿಗಳ ಮಾತನ್ನು ನಂಬಬಾರದು. ಏಪ್ರಿಲ್ ತಿಂಗಳಲ್ಲಿ ಹೋಗಿ, ಪಂಪನ್ನು ಕೆಲವು ಗಂಟೆಗಳ ಕಾಲ ನಡೆಸಿ ನೋಡಿ. ನೀರಿನ ಮಾದರಿಯನ್ನು ಪರೀಕ್ಷೆಗೆ ಕೊಡುವುದೂ ಅಗತ್ಯ. ಪಾವಗಡ, ಶಿರಾ, ಚಿತ್ರದುರ್ಗ, ಕೋಲಾರದ ಕಡೆ ಅಂತರ್ಜಲದಲ್ಲಿ ಫ್ಲೋರೈಡ್ ಅಂಶ ಹೆಚ್ಚಿರುವ ಊರುಗಳಿದ್ದು, ಬೆಳೆಯುವ ಮರಿಗಳ ಹಲ್ಲು ಮತ್ತು ಮೂಳೆಗೆ ಅದು ಹಾನಿಕರ.

ಮೇವಿನ ಬಗ್ಗೆ ಹೇಳುವುದಾದರೆ, ಕುದುರೆಯೊಂದಕ್ಕೆ ದಿನಕ್ಕೆ ತನ್ನ ತೂಕದ ಶೇಕಡಾ 2ರಷ್ಟು, ಅಂದರೆ ಸುಮಾರು 9 ಕಿಲೋಗ್ರಾಂ ಒಣ ಪದಾರ್ಥ ಬೇಕು. ನಾಲ್ಕಕ್ಕೆ ವರ್ಷಕ್ಕೆ 13 ಟನ್. ನಾಲ್ಕೈದು ಎಕರೆಯ ಮಳೆಯಾಶ್ರಿತ ಬಯಲು ಇಷ್ಟನ್ನು ಕೊಡಲಾರದು, ಹೊರಗಿನಿಂದ ಕೊಳ್ಳಲೇಬೇಕಾಗುತ್ತದೆ. ಹುರುಳಿ, ರಾಗಿ ಹುಲ್ಲು, ಗರಿಕೆ ಸುಲಭವಾಗಿ ದೊರೆಯುವ ಸೀಮೆಯನ್ನು ಆರಿಸಿಕೊಂಡರೆ ಸಾಗಣೆ ವೆಚ್ಚ ಉಳಿಯುತ್ತದೆ.

ಹೈನುಗಾರಿಕೆ ಬಲ್ಲ ನೆರೆಯವರು ನೇಪಿಯರ್ ಹುಲ್ಲು ನೆಡುವಂತೆ ಸಲಹೆ ನೀಡುವುದುಂಟು. ಹಸುವಿಗೆ ಅದು ಒಳ್ಳೆಯ ಮೇವು. ಆದರೆ ನೇಪಿಯರ್, ಗಿನಿ ಮುಂತಾದ ಹುಲ್ಲುಗಳಲ್ಲಿರುವ ಆಕ್ಸಲೇಟ್ ಅಂಶ ಮೇವಿನ ಸುಣ್ಣವನ್ನು ಕುದುರೆಯ ದೇಹಕ್ಕೆ ಸೇರಗೊಡುವುದಿಲ್ಲ. ಅದನ್ನೇ ನಂಬಿ ತಿಂಗಳುಗಟ್ಟಲೆ ಹಾಕಿದರೆ ಮೂಳೆ ಮೃದುವಾಗಿ, ಮುಖದ ಮೂಳೆ ಊದಿಕೊಂಡು, ಕುದುರೆ ಕುಂಟತೊಡಗುತ್ತದೆ. ಸುಬಾಬುಲ್ ಸೊಪ್ಪು ತಿಂದ ಕುದುರೆಯ ಕೇಸರ ಮತ್ತು ಬಾಲದ ಕೂದಲು ಉದುರುತ್ತದೆ. ಎಳೆಯ ಜೋಳದ ಪೈರಿನಲ್ಲಿ ವಿಷದ ಅಂಶವಿರುತ್ತದೆ. ಬೇಲಿಯ ಸಾಲಿನಲ್ಲಿ ಅಂದಕ್ಕಾಗಿ ಬೆಳೆಸಿದ ಕಣಗಿಲೆ ಪ್ರಾಣಾಂತಿಕ. ಜಮೀನಿನಲ್ಲಿ ಅದು ಇದ್ದರೆ ಕುದುರೆ ತರುವ ಮೊದಲೇ ಬೇರುಸಹಿತ ಕೀಳಿಸತಕ್ಕದ್ದು. ಮುಳ್ಳುತಂತಿಯ ಬೇಲಿಯನ್ನೂ ತೆಗೆಸಬೇಕಾಗುವುದರಿಂದ ಅದರ ವೆಚ್ಚವನ್ನು ಜಮೀನಿನ ಬೆಲೆಗೆ ಸೇರಿಸಿ ಲೆಕ್ಕ ಹಾಕಿ.

ಪಕ್ಕದಲ್ಲಿ ಗೋಮಾಳವಿದೆ, ಅಲ್ಲಿ ಮೇಯಿಸಬಹುದೆಂಬ ಭರವಸೆಯ ಮೇಲೆ ಕಡಿಮೆ ಜಮೀನು ಕೊಳ್ಳುವುದು ಸೂಕ್ತವಲ್ಲ. ಗೋಮಾಳವು ಗ್ರಾಮದ ಜಾನುವಾರುಗಳಿಗಾಗಿ ಕಾದಿರಿಸಿದ ಸರ್ಕಾರಿ ಭೂಮಿ. ಹೊಸದಾಗಿ ಬಂದವರು ಅಲ್ಲಿ ಕುದುರೆ ಬಿಟ್ಟರೆ ಊರಿನವರೊಡನೆ ವ್ಯಾಜ್ಯ ಖಚಿತ.

ಪಶುವೈದ್ಯ ನೆರವಿನ ದೂರ

ಕುದುರೆಗೆ ವಾಂತಿ ಮಾಡಲು ಸಾಧ್ಯವಿಲ್ಲ. ಆ ಕಾರಣದಿಂದ ಹೊಟ್ಟೆಶೂಲೆಯು ಕೆಲವೇ ಗಂಟೆಗಳಲ್ಲಿ ಪ್ರಾಣ ತೆಗೆಯಬಹುದು. ತಾಲ್ಲೂಕು ಪಶು ಆಸ್ಪತ್ರೆ ಹಾಗೂ 1962 ಸಹಾಯವಾಣಿಯ ಸಂಚಾರಿ ವಾಹನದಿಂದ ಪ್ರಥಮ ಚಿಕಿತ್ಸೆ ದೊರೆಯಬಹುದಾದರೂ, ಶಸ್ತ್ರಚಿಕಿತ್ಸೆ ಬೇಕಾದಾಗ ಕುದುರೆಯ ಚಿಕಿತ್ಸೆಯಲ್ಲಿ ಪರಿಣತಿಯುಳ್ಳ ಕೇಂದ್ರಕ್ಕೆ ಸಾಗಿಸಬೇಕಾಗುತ್ತದೆ. ಬೆಂಗಳೂರಿನ ಹೆಬ್ಬಾಳ, ಹಾಸನ, ಶಿವಮೊಗ್ಗ, ಗದಗ ಮತ್ತು ಬೀದರಿನಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ. ಜಮೀನಿನಿಂದ ಅಲ್ಲಿಗೆ ರಾತ್ರಿಯ ಹೊತ್ತು, ಲಾರಿಯಲ್ಲಿ, ಎಷ್ಟು ಗಂಟೆ ಹಿಡಿಯುತ್ತದೆಂಬುದನ್ನು ಒಮ್ಮೆ ಸಂಚರಿಸಿಯೇ ತಿಳಿಯುವುದು ಮೇಲು. ಲಾರಿ ಹೋಗದ ಬಂಡಿದಾರಿಯ ಕೊನೆಯಲ್ಲಿರುವ ಜಮೀನು ಎಷ್ಟೇ ಅಗ್ಗವಾದರೂ ಬೇಡ.

ಗೊರಸು ಕತ್ತರಿಸುವ ಕೆಲಸ ಆರರಿಂದ ಎಂಟು ವಾರಗಳಿಗೊಮ್ಮೆ ಆಗಬೇಕು. ಲಾಳ ಕಟ್ಟಬಲ್ಲವರು, ಅನುಭವಿ ಸೈಸ್‌ಗಳು ಎಲ್ಲ ಊರುಗಳಲ್ಲಿ ಇರುವುದಿಲ್ಲ. ಟಿಪ್ಪು ಸುಲ್ತಾನನ ಕಾಲದಿಂದ ಕುದುರೆ ಸಾಕಣೆ ನಡೆದುಬಂದಿರುವ ಕುಣಿಗಲ್, 1891ರಿಂದ ರೇಸ್ ಕ್ಲಬ್ ಇರುವ ಹಾಗೂ ಅಶ್ವಾರೋಹಿ ಪೊಲೀಸ್ ದಳದ ನೆಲೆಯಾದ ಮೈಸೂರು, ಮತ್ತು ಬೆಂಗಳೂರಿನ ಸುತ್ತಮುತ್ತ ಈ ಕಸುಬು ಬಲ್ಲವರು ದೊರೆಯುತ್ತಾರೆ. ಮೊದಲ ಬಾರಿಗೆ ಕುದುರೆ ಸಾಕುವವರಿಗೆ ಕುಣಿಗಲ್–ಮಾಗಡಿ ಸೀಮೆ ಅಥವಾ ಮೈಸೂರು–ನಂಜನಗೂಡು ಸೀಮೆಯನ್ನು ಸೂಚಿಸಲು ಇದೇ ಮುಖ್ಯ ಕಾರಣ. ಅಲ್ಲಿ ಬೆಲೆ ಹೆಚ್ಚು, ನಿಜ. ಹಾಗೆಯೇ ಮಾಗಡಿ ಕಡೆಯಲ್ಲಿ ಕಲ್ಲುಗಣಿ ಮತ್ತು ಜಲ್ಲಿ ಕ್ರಷರ್‌ಗಳು ಹತ್ತಿರವಿಲ್ಲವೆಂದು ಖಚಿತಪಡಿಸಿಕೊಳ್ಳಿ; ಸಿಡಿತದ ಸದ್ದಿಗೆ ಬೆದರಿದ ಕುದುರೆ ಬೇಲಿ ಹಾರಲು ಹೋಗಿ ಗಾಯಗೊಳ್ಳುತ್ತದೆ. ರಾಯಚೂರು, ಕಲಬುರಗಿ ಕಡೆ ಬೇಸಿಗೆಯ ತಾಪ 40 ಡಿಗ್ರಿ ಸೆಲ್ಸಿಯಸ್ ದಾಟುವುದರಿಂದ ಎತ್ತರದ ಮಾಡು, ನೆರಳು ಮತ್ತು ಅಧಿಕ ನೀರಿಗೆ ಹಣ ತೆಗೆದಿರಿಸಬೇಕು.

ಗ್ಲಾಂಡರ್ಸ್ ರೋಗದ ವಿಷಯ ಪ್ರತ್ಯೇಕವಾಗಿ ತಿಳಿಯತಕ್ಕದ್ದು. ಕುದುರೆ, ಕತ್ತೆ, ಹೇಸರಗತ್ತೆಗಳಿಗೆ ಬರುವ ಈ ಸೋಂಕು ಮನುಷ್ಯರಿಗೂ ಹರಡಬಲ್ಲದು. ರೋಗ ದೃಢಪಟ್ಟ ಪ್ರಾಣಿಗೆ ಚಿಕಿತ್ಸೆಯಿಲ್ಲ. 2009ರ ಪ್ರಾಣಿ ಸಾಂಕ್ರಾಮಿಕ ರೋಗ ನಿಯಂತ್ರಣ ಕಾಯ್ದೆಯನ್ವಯ ದಯಾಮರಣ ನೀಡಲಾಗುತ್ತದೆ. ಸುತ್ತಲಿನ ಪ್ರದೇಶ ಸೋಂಕಿತ ವಲಯವಾಗಿ, ಅದರಾಚೆಯ ಪ್ರದೇಶ ಕಣ್ಗಾವಲು ವಲಯವಾಗಿ ಘೋಷಣೆಯಾಗಿ, ಕುದುರೆಗಳ ಸಾಗಣೆ ನಿರ್ಬಂಧಿತವಾಗುತ್ತದೆ. 2023ರಲ್ಲಿ ಬೆಂಗಳೂರಿನ ಡಿ.ಜೆ. ಹಳ್ಳಿಯಲ್ಲಿ ಹೀಗೆಯೇ ವಲಯಗಳನ್ನು ಘೋಷಿಸಲಾಗಿತ್ತು. ಆದುದರಿಂದ ಜಟಕಾ ನಿಲ್ದಾಣ, ಹೇರು ಕತ್ತೆಗಳು ಕೂಡುವ ಸ್ಥಳ, ಜಾನುವಾರು ಜಾತ್ರೆಯ ಮೈದಾನಗಳಿಗೆ ಅಂಟಿಕೊಂಡಿರುವ ಜಮೀನನ್ನು ಬಿಡುವುದು ಕ್ಷೇಮ.

ದಾಖಲೆಗಳ ಪರಿಶೀಲನೆ

ಪಹಣಿ, ಮ್ಯುಟೇಶನ್ ಪ್ರತಿ, ಆಕಾರಬಂದ್, ಟಿಪ್ಪಣಿ ಮತ್ತು ಋಣಭಾರ ಪ್ರಮಾಣಪತ್ರಗಳನ್ನು ಪಡೆದು ಒಂದಕ್ಕೊಂದು ತಾಳೆ ನೋಡತಕ್ಕದ್ದು. ಸರ್ವೆ ನಂಬರಿನ ಒಂದು ಭಾಗವನ್ನು ಮಾತ್ರ ಕೊಳ್ಳುವುದಾದರೆ 11ಇ ನಕ್ಷೆ ಬೇಕು. ಪೋಡಿಯಾಗದ ಸರ್ವೆ ನಂಬರಿನಲ್ಲಿ ನೀವು ಬೇಲಿ ಹಾಕಿದ ಜಾಗ ನಿಮ್ಮದೇ ಎಂದು ಹೇಳಲು ಬರುವುದಿಲ್ಲ. ಬಿ ಖರಾಬು ಎಂದು ನಮೂದಾಗಿರುವ ಹಳ್ಳ, ದಾರಿ, ಸ್ಮಶಾನಗಳು ಸಾರ್ವಜನಿಕರಿಗೆ ಸೇರಿದವು. ಮಾರಾಟಗಾರರು ಅದನ್ನೂ ಎಕರೆ ಲೆಕ್ಕದಲ್ಲಿ ಸೇರಿಸಿ ಹೇಳುವುದುಂಟು. ಬೆಂಗಳೂರಿನ ಸುತ್ತ ಕೈಗಾರಿಕೆ, ರಸ್ತೆ, ಉಪನಗರ ಯೋಜನೆಗಳಿಗೆ ಭೂಸ್ವಾಧೀನದ ಪ್ರಾಥಮಿಕ ಅಧಿಸೂಚನೆ ಹೊರಟಿದೆಯೇ ಎಂದೂ ವಿಚಾರಿಸಿ.

ಎಲ್ಲಕ್ಕಿಂತ ಮುಖ್ಯವಾಗಿ, ಜಮೀನು ಪರಿಶಿಷ್ಟ ಜಾತಿ ಅಥವಾ ಪರಿಶಿಷ್ಟ ಪಂಗಡದವರಿಗೆ ಸರ್ಕಾರದಿಂದ ಮಂಜೂರಾದುದೇ ಎಂಬುದನ್ನು ಮೂಲ ಮಂಜೂರಾತಿ ದಾಖಲೆಯವರೆಗೆ ಹೋಗಿ ನೋಡಬೇಕು. ಅಂತಹ ಜಮೀನನ್ನು ಸರ್ಕಾರದ ಪೂರ್ವಾನುಮತಿಯಿಲ್ಲದೆ ಕೊಂಡರೆ 1978ರ ಪರಭಾರೆ ನಿಷೇಧ ಅಧಿನಿಯಮದನ್ವಯ ಮಾರಾಟವೇ ಅನೂರ್ಜಿತ. ಉಪವಿಭಾಗಾಧಿಕಾರಿಯವರು ಜಮೀನನ್ನು ಮೂಲ ಮಂಜೂರಾತಿದಾರರಿಗೆ ಅಥವಾ ಅವರ ವಾರಸುದಾರರಿಗೆ ಮರಳಿ ಕೊಡಿಸುತ್ತಾರೆ. ಕಟ್ಟಿದ ಲಾಯಕ್ಕೆ, ಕೊಟ್ಟ ಹಣಕ್ಕೆ ಆ ಕಾನೂನಿನಲ್ಲಿ ಪರಿಹಾರವಿಲ್ಲ. ಎಷ್ಟು ವರ್ಷ ಕಳೆದರೂ ಅರ್ಜಿ ಸಲ್ಲಿಸಬಹುದೆಂದು 2023ರ ತಿದ್ದುಪಡಿಯಲ್ಲಿ ಸ್ಪಷ್ಟಪಡಿಸಲಾಗಿದೆ. ನಾಲ್ಕು ಕೈ ಬದಲಾದ ಹಳೆಯ ಜಮೀನೆಂಬ ಸಮಾಧಾನ ಇಲ್ಲಿ ನಡೆಯುವುದಿಲ್ಲ. ಕೊಡಗಿನ ಜಮ್ಮಾ ಹಿಡುವಳಿಗಳಲ್ಲಿ ಕುಟುಂಬದ ಅನೇಕರ ಹಕ್ಕು ಕೂಡಿರುವುದರಿಂದ ಎಲ್ಲರ ಒಪ್ಪಿಗೆಯಿಲ್ಲದೆ ಮುಂದುವರಿಯಬಾರದು.

ಹೊರದೇಶಗಳಲ್ಲಿ ನೆಲೆಸಿರುವ ಕನ್ನಡಿಗರ ಗಮನಕ್ಕೆ: ಅನಿವಾಸಿ ಭಾರತೀಯರು ಮತ್ತು ಸಾಗರೋತ್ತರ ಭಾರತೀಯ ನಾಗರಿಕ ಕಾರ್ಡುದಾರರು ವಿದೇಶಿ ವಿನಿಮಯ ನಿಯಮಗಳನ್ವಯ ಕೃಷಿ ಜಮೀನು, ತೋಟ ಅಥವಾ ತೋಟದಮನೆಯನ್ನು ಕ್ರಯಕ್ಕೆ ಪಡೆಯುವಂತಿಲ್ಲ. ರಾಜ್ಯದ 2020ರ ತಿದ್ದುಪಡಿ ಇದನ್ನು ಸಡಿಲಿಸಿಲ್ಲ. ಪಿತ್ರಾರ್ಜಿತವಾಗಿ ಬಂದ ಜಮೀನನ್ನು ಇಟ್ಟುಕೊಳ್ಳಲು ಅಡ್ಡಿಯಿಲ್ಲ. ಬಂಧುಗಳ ಹೆಸರಿನಲ್ಲಿ ಕೊಂಡು ತಾವು ಅನುಭವಿಸುವ ಏರ್ಪಾಡು ಬೇನಾಮಿಯ ಆಕ್ಷೇಪಕ್ಕೆ ಒಳಗಾಗಬಹುದು.

ನೋಂದಣಿಯ ನಂತರ

ಖಾತೆ ಬದಲಾದ ಮೇಲೆ ಲಾಯ, ಬೇಲಿ, ನೀರಿನ ತೊಟ್ಟಿ ಸಿದ್ಧವಾದ ನಂತರವೇ ಕುದುರೆಗಳನ್ನು ತರಬೇಕು. ಒಂದೇ ಕುದುರೆಯನ್ನು ತರಬೇಡಿ. ಅದು ಗುಂಪಿನಲ್ಲಿ ಬಾಳುವ ಪ್ರಾಣಿ, ಒಂಟಿಯಾದರೆ ಕೊರಗುತ್ತದೆ. ಒಂದೊಂದು ಕುದುರೆಗೆ 12 ಅಡಿ ಉದ್ದಗಲದ ಕೋಣೆ ಇರಲಿ. ಲದ್ದಿ ಹಾಕುವ ಗುಂಡಿಯನ್ನು ನೆರೆಮನೆಗೂ ಬಾವಿಗೂ ದೂರವಿರಿಸಿ. ಮೊದಲ ವರ್ಷ ವಾಸನೆಯೆಂದು ದೂರುವ ನೆರೆಯವರೇ ಮುಂದೆ ತೋಟಕ್ಕೆ ಗೊಬ್ಬರ ಕೇಳಿಕೊಂಡು ಬರುವುದುಂಟು. ಕುದುರೆ ಹೊರಡುವ ಸ್ಥಳದ ಪಶುವೈದ್ಯಾಧಿಕಾರಿಯಿಂದ ಆರೋಗ್ಯ ಪ್ರಮಾಣಪತ್ರವನ್ನೂ, ಗ್ಲಾಂಡರ್ಸ್ ಪರೀಕ್ಷೆಯ ವರದಿಯನ್ನೂ ಪಡೆದು, ಜಮೀನು ಇರುವ ತಾಲ್ಲೂಕಿನ ಪಶು ಆಸ್ಪತ್ರೆಗೆ ಅವುಗಳ ಪ್ರತಿಗಳನ್ನು ಒದಗಿಸತಕ್ಕದ್ದು. ಹೊಸದಾಗಿ ಬಂದ ಕುದುರೆಯನ್ನು ಮೂರು ವಾರಗಳ ಕಾಲ ಉಳಿದವುಗಳಿಂದ ಬೇರೆ ಇರಿಸಿ, ಮೇವು ನೀರಿನ ಪಾತ್ರೆಗಳನ್ನೂ ಪ್ರತ್ಯೇಕವಾಗಿಯೇ ಬಳಸಬೇಕು.